ಕೋಗಳಿಯಿಂದ ಕೇದಾರಕ್ಕೆ: ಎತ್ತರದ ದಾರಿ ಹಿಡಿದ ಬಯಲುಸೀಮೆಯವರು

ಇವತ್ತಿನ ಸಂಚಿಕೆ ಹಿಮಾಲಯದ ಬಗ್ಗೆ. ಆದ್ರೆ ನಾವು ಹೊರಡೋದು ಡೆಹ್ರಾಡೂನಿಂದ ಅಲ್ಲ, ಕೋಗಳಿಯಿಂದ.

ಕೋಗಳಿ ಅಂದ್ರೆ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಹಳೇ ಜೈನ ಬಸದಿ ಇರೋ ಊರು. ಸಾವಿರ ವರ್ಷದ ಹಿಂದೆ ಇದು ಒಂದು ಆಡಳಿತ ವಿಭಾಗದ ಹೆಸರೂ ಆಗಿತ್ತು. ನೊಳಂಬವಾಡಿ 32000ದ ಒಳಗೆ ಕೋಗಳಿ 500. ಇವತ್ತಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟೂ ಸೇರಿದ ಸೀಮೆ ಅಂದುಕೊಳ್ಳಿ. ಜೋಳ, ಶೇಂಗಾ, ಕುರಿ, ಬಿಸಿಲು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಲ್ಲಿಯವರು ಬೆಟ್ಟದ ನಡುವಿನ ದಾರಿಗೆ ‘ಗಂಡಿ’ ಅಂತಾರೆ. ಪಕ್ಕದ ಸಂಡೂರಿನ ಓಬಳಗಂಡಿ, ಭೀಮಗಂಡಿ ನೋಡಿದ್ರೆ ಗೊತ್ತಾಗುತ್ತೆ. ಹಿಮಾಲಯದಲ್ಲಿ ಇದೇ ಗಂಡಿ ಮೂರು, ನಾಲ್ಕು, ಐದು ಸಾವಿರ ಮೀಟರ್ ಮೇಲಿರುತ್ತೆ. ಟ್ರೆಕ್ಕಿಂಗ್ ಹೋಗೋರು ಅದನ್ನ ‘ಪಾಸ್’ ಅಂತಾರೆ.

ಈ ಬಯಲುಸೀಮೆಗೂ ಆ ಎತ್ತರಕ್ಕೂ ಏನು ಸಂಬಂಧ? ತುಂಬಾ ಹಳೇ ಸಂಬಂಧ ಇದೆ. ಅದನ್ನ ಈಗ ಹೇಳೋದಕ್ಕೆ ಒಂದು ಕಾರಣವೂ ಇದೆ. ನಮ್ಮ ಹುಡುಗ್ರು, ಹುಡ್ಗೀರು ಈಗ ಗುಂಪು ಗುಂಪಾಗಿ ಹಿಮಾಲಯ ಹತ್ತುತ್ತಿದ್ದಾರೆ. ಕೆಲವರು ವಾಪಸ್ ಬಂದಿಲ್ಲ.

ಮೊದಲು ಕ್ರಿ.ಶ. 1068ಕ್ಕೆ ಹೋಗೋಣ. ತುಂಗಭದ್ರೆಯ ದಡದ ಕುರುವತ್ತಿ. ಮಲ್ಲಿಕಾರ್ಜುನ ದೇವಸ್ಥಾನದ ಮದನಿಕೆಯರ ಫೋಟೊ ನೀವು ನೋಡಿರ್ತೀರಿ. ಆ ವರ್ಷ ಕಲ್ಯಾಣ ಚಾಲುಕ್ಯರ ದೊರೆ ಒಂದನೇ ಸೋಮೇಶ್ವರ, ಬಿರುದಿನ ಹೆಸರು ಆಹವಮಲ್ಲ, ವಾಸಿಯಾಗದ ಕಾಯಿಲೆಗೆ ಬಿದ್ದು ಇಲ್ಲೇ ಹೊಳೆಗಿಳಿದು ಪ್ರಾಣ ಬಿಟ್ಟ. ಶಾಸನಗಳಲ್ಲಿ ಇದರ ದಾಖಲೆ ಇದೆ. ಆದ್ರೆ ಜ್ವರ ಬಂದ ರಾಜ, ಶಿವಧ್ಯಾನ, ಕುತ್ತಿಗೆಮಟ್ಟದ ನೀರು, ಹೀಗೆ ಕಣ್ಣಿಗೆ ಕಟ್ಟೋ ಹಾಗೆ ಈ ಕಥೆ ಬರೆದವನು ಒಬ್ಬ ಸಂಸ್ಕೃತ ಕವಿ, ಬಿಲ್ಹಣ. ಕೃತಿ ‘ವಿಕ್ರಮಾಂಕದೇವಚರಿತ’.

ಈ ಬಿಲ್ಹಣ ಕನ್ನಡ ನಾಡಿನವನಲ್ಲ. ಕಾಶ್ಮೀರದವನು. ಇವತ್ತಿನ ಶ್ರೀನಗರದ ಹತ್ತಿರದ ಖೋನಮುಖ ಅವನ ಊರು. ತನ್ನ ಕಾವ್ಯದ ಕೊನೇ ಸರ್ಗದಲ್ಲಿ ಊರು ಬಿಟ್ಟ ಕಥೆ ತಾನೇ ಹೇಳ್ತಾನೆ: ಮಥುರಾ, ಕನೌಜು, ಪ್ರಯಾಗ, ಕಾಶಿ, ಆಮೇಲೆ ಗುಜರಾತು, ಸೋಮನಾಥ, ದಕ್ಷಿಣದ ರಾಮೇಶ್ವರ. ಕೊನೆಗೆ ಸೋಮೇಶ್ವರನ ಮಗ ಆರನೇ ವಿಕ್ರಮಾದಿತ್ಯನ ಆಸ್ಥಾನ.

ಕಾಶ್ಮೀರ ಕಣಿವೆಯಿಂದ ಆಚೆ ಬರಬೇಕಂದ್ರೆ ಬೆಟ್ಟದ ದಾರಿ ಬಿಟ್ಟು ಬೇರೆ ಇರಲಿಲ್ಲ. ಅವನಿಗಿಂತ ಕೆಲವೇ ದಶಕ ಮೊದಲು ಬರೆದ ಅಲ್‌ಬಿರೂನಿ, ಕಾಶ್ಮೀರದವರು ತಮ್ಮ ಕಣಿವೆಯ ಬಾಗಿಲುಗಳನ್ನ ಎಷ್ಟು ಬಿಗಿಯಾಗಿ ಕಾಯ್ತಾರೆ ಅಂತ ಹೇಳಿದ್ದಾನೆ. ಪಾಸ್ ಅಂದ್ರೆ ಆಗ ಸೆಲ್ಫಿ ಜಾಗ ಅಲ್ಲ, ಚೆಕ್‌ಪೋಸ್ಟ್. ಅಲ್ಲಿಂದ ಹೊರಟವನ ಕೈಯಿಂದಲೇ ಕೋಗಳಿ ಸೀಮೆಯ ಒಂದು ಸಾವು ಸಂಸ್ಕೃತ ಕಾವ್ಯಕ್ಕೆ ಸೇರಿತು.

ಇದು ಒನ್ ವೇ ಟ್ರಾಫಿಕ್ ಆಗಿರಲಿಲ್ಲ. 12ನೇ ಶತಮಾನದಲ್ಲಿ ಕಾಶ್ಮೀರದ ಕಲ್ಹಣ ‘ರಾಜತರಂಗಿಣಿ’ ಬರೆದ. ಬಿಲ್ಹಣನನ್ನ ಕರ್ಣಾಟದ ರಾಜ ಪರ್ಮಾಡಿ ‘ವಿದ್ಯಾಪತಿ’ ಮಾಡಿದ ಅನ್ನೋದು ಅದರಲ್ಲಿದೆ. ಪರ್ಮಾಡಿ ಅಂದ್ರೆ ವಿಕ್ರಮಾದಿತ್ಯನೇ. ಕಾಶ್ಮೀರದ ರಾಜ ಹರ್ಷ ಕರ್ಣಾಟದ ಮಾದರಿಯ ನಾಣ್ಯ ಹೊರಡಿಸಿದ ಅಂತಲೂ ಇದೆ. ಒಬ್ಬ ಕವಿ ಇಳಿದು ಬಂದ, ಒಂದು ಫ್ಯಾಷನ್ ಹತ್ತಿ ಹೋಯ್ತು.

ಈಗ ಧರ್ಮದ ದಾರಿ ನೋಡೋಣ. 11, 12ನೇ ಶತಮಾನದ ಕನ್ನಡ ಶಾಸನಗಳಲ್ಲಿ ಕಾಳಾಮುಖ ಅನ್ನೋ ಶೈವ ಪಂಥ ಬಹಳ ಕಡೆ ಸಿಗುತ್ತೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠ ಅವರ ದೊಡ್ಡ ಕೇಂದ್ರ. ಅಲ್ಲಿಯ ದೇವರ ಹೆಸರು ದಕ್ಷಿಣ ಕೇದಾರೇಶ್ವರ. ಗುರುಪರಂಪರೆಯ ಮೊದಲ ಹೆಸರು ಕೇದಾರಶಕ್ತಿ. ಈ ಪಂಥದ ಕೆಲವು ಗುರುಗಳ ಹೆಸರಲ್ಲೇ ‘ಕಾಶ್ಮೀರ’ ಇದೆ. ಹಾಗಾಗಿ ಈ ಯತಿಗಳ ಒಂದು ಎಳೆ ಉತ್ತರದ ಬೆಟ್ಟಗಳಿಂದ ಬಂದಿರಬಹುದು ಅನ್ನೋದು ಕೆಲವು ವಿದ್ವಾಂಸರ ಊಹೆ. ಊಹೆಯನ್ನ ಊಹೆ ಅಂತಲೇ ಇಟ್ಟುಕೊಳ್ಳೋಣ. ಆದ್ರೆ ಮಲೆನಾಡಿನ ಅಂಚಲ್ಲಿ ಕೂತು ತಮ್ಮ ದೇವರಿಗೆ ‘ದಕ್ಷಿಣದ ಕೇದಾರ’ ಅಂದವರಿಗೆ ಉತ್ತರದ ಕೇದಾರ ಎಲ್ಲಿದೆ ಅಂತ ಗೊತ್ತಿತ್ತು. ಅದಂತೂ ನಿಜ.

ಕೋಗಳಿ ಸೀಮೆಯ ಒಳಗೇ ಈ ದಾರಿಯ ಇನ್ನೊಂದು ತುದಿ ಇದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿ. ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಅನ್ನೋ ಮಾತಿದೆಯಲ್ಲ, ಅದೇ ಉಜ್ಜಿನಿ. ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯೋ ಊರು. ವೀರಶೈವ ಪಂಚಪೀಠಗಳು ಅಂತ ಐದಿವೆ: ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಿನಿ, ಕೇದಾರ, ಶ್ರೀಶೈಲ, ಕಾಶಿ. ಕೊಟ್ಟೂರು ಸೀಮೆಯ ಒಂದು ಹಳ್ಳಿಯೂ ಹಿಮಾಲಯದ ಒಂದು ಮಠವೂ ಒಂದೇ ಸಾಲಲ್ಲಿ ಅಣ್ಣತಮ್ಮಂದಿರ ಹಾಗೆ ನಿಂತಿವೆ.

ಕೇದಾರ ಪೀಠದ ಮಠ ಇರೋದು ಊಖಿಮಠದಲ್ಲಿ. ಕೇದಾರನಾಥದ ಮುಖ್ಯಸ್ಥರಿಗೆ ‘ರಾವಲ್’ ಅಂತಾರೆ. ಆ ಸ್ಥಾನಕ್ಕೆ ದಕ್ಷಿಣದ ವೀರಶೈವ ಜಂಗಮರೇ ಬರೋದು ಸಂಪ್ರದಾಯ. ಬದರಿನಾಥದ ರಾವಲ್ ಕೇರಳದ ನಂಬೂದಿರಿ, ಕೇದಾರದ ರಾವಲ್ ನಮ್ಮ ಕಡೆಯ ಜಂಗಮ. ಕೇದಾರದಲ್ಲಿ, ಮದ್‌ಮಹೇಶ್ವರದಲ್ಲಿ ಪೂಜೆ ಮಾಡೋರೂ ರಾವಲರ ಶಿಷ್ಯರೇ. ಕರ್ನಾಟಕದಿಂದ ಹೋದವರು. ಹೆಸರಿನ ಕೊನೆಗೆ ‘ಲಿಂಗ’ ಸೇರಿಸಿಕೊಳ್ತಾರೆ.

ಒಂದು ಕ್ಷಣ ಯೋಚನೆ ಮಾಡಿ. ರೊಟ್ಟಿ, ಚಟ್ನಿಪುಡಿ ತಿಂದು 40 ಡಿಗ್ರಿ ಬಿಸಿಲಲ್ಲಿ ಬೆಳೆದ ಹುಡುಗ. ಅವನು ಕೆಲಸಕ್ಕೆ ಸೇರೋ ಜಾಗ 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು ಮಾತ್ರ. ಒಂದು ಉಸಿರಿಗೆ ಸಿಗೋ ಆಮ್ಲಜನಕವೂ ಅಷ್ಟೇ.

ಇಷ್ಟು ವರ್ಷ ಈ ಪರಂಪರೆ ಹೆಂಗೆ ನಡೀತು? ನನಗೆ ಕಾಣೋ ಒಂದು ಉತ್ತರ ಕ್ಯಾಲೆಂಡರ್. ಮಹಾಶಿವರಾತ್ರಿ ದಿನ ಊಖಿಮಠದಲ್ಲಿ ಬಾಗಿಲು ತೆಗೆಯೋ ದಿನಾಂಕ ಹೇಳ್ತಾರೆ. ಅಕ್ಷಯ ತೃತೀಯದ ಆಸುಪಾಸಲ್ಲಿ ದೇವರ ಡೋಲಿ ಹೊರಡುತ್ತೆ. ಊಖಿಮಠ ಸುಮಾರು 1,300 ಮೀಟರ್. ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಫಾಟಾದಲ್ಲಿ ಒಂದು ರಾತ್ರಿ, ಗೌರಿಕುಂಡದಲ್ಲಿ ಒಂದು ರಾತ್ರಿ, ಆಮೇಲೆ ಕೇದಾರ. ದೇವರೇ ತಂಗಿ ತಂಗಿ ಹೋಗ್ತಾನೆ. ದೀಪಾವಳಿಯ ಬಲಿಪಾಡ್ಯಮಿ ಮರುದಿನ ಬಾಗಿಲು ಹಾಕಿ ಅದೇ ಡೋಲಿ ವಾಪಸ್. ಆರು ತಿಂಗಳ ಚಳಿಗಾಲದ ಪೂಜೆ ಊಖಿಮಠದಲ್ಲೇ. ಹತ್ತೋದಕ್ಕೆ ಎಷ್ಟು ಶಾಸ್ತ್ರ ಇದೆಯೋ ಇಳಿಯೋದಕ್ಕೂ ಅಷ್ಟೇ ಶಾಸ್ತ್ರ ಇದೆ.

ಹಳೇ ಯಾತ್ರಿಕರೂ ಹೀಗೇ. ಹರಿದ್ವಾರಕ್ಕೆ ರೈಲು ಬಂದಿದ್ದು 1886ರಲ್ಲಿ. ಅಲ್ಲಿಂದ ಮುಂದೆ ಕಾಲ್ನಡಿಗೆ: ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿ. ದಾರಿಯುದ್ದಕ್ಕೂ ‘ಚಟ್ಟಿ’ ಅನ್ನೋ ತಂಗುದಾಣಗಳು. ಅಕ್ಕಿ, ಬೇಳೆ ಅಲ್ಲೇ ಕೊಂಡು, ಅಡುಗೆ ಮಾಡಿಕೊಂಡು ಮಲಗೋದು. ಜಿಮ್ ಕಾರ್ಬೆಟ್ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಪುಸ್ತಕದಲ್ಲಿ ಈ ದಾರಿಯನ್ನೇ ವರ್ಣಿಸಿದ್ದಾನೆ. 1926ರಲ್ಲಿ ಅವನು ಹೊಡೆದ ಆ ಚಿರತೆ, ಸರ್ಕಾರಿ ಲೆಕ್ಕದಲ್ಲೇ 125 ಜನರನ್ನ ಕೊಂದಿತ್ತು.

ಹಾಗಂತ ಆ ಕಾಲ ಚಿನ್ನದಂಥಾ ಕಾಲ ಅಂತ ನಾನು ಹೇಳ್ತಿಲ್ಲ. ಚಟ್ಟಿಗಳಲ್ಲಿ ಕಾಲರಾ ಬರ್ತಿತ್ತು. ಹೋದವರು ಬರ್ತಾರೋ ಇಲ್ಲವೋ ಅಂತ ಮನೆಯವರು ಮನಸ್ಸು ಗಟ್ಟಿ ಮಾಡಿಕೊಂಡೇ ಕಳಿಸ್ತಿದ್ರು. ಆದ್ರೆ ನಿಧಾನ ಅನ್ನೋದು ಆಗ ಯಾರೂ ಆರಿಸಿಕೊಂಡ ವಿಷಯ ಆಗಿರಲಿಲ್ಲ. ಬೇರೆ ದಾರಿಯೇ ಇರಲಿಲ್ಲ. ಆ ನಿಧಾನವೇ ಎಷ್ಟೋ ಜನರ ಕಾಲು, ಶ್ವಾಸ ಎರಡನ್ನೂ ಹದ ಮಾಡ್ತಿತ್ತು.

ಕೇದಾರದಲ್ಲಿ ಇನ್ನೊಂದು ದಂತಕಥೆ ಇದೆ. ಹಿಂದೆ ಒಬ್ಬನೇ ಅರ್ಚಕ ಒಂದೇ ದಿನ ಬದರಿಯಲ್ಲೂ ಕೇದಾರದಲ್ಲೂ ಪೂಜೆ ಮಾಡ್ತಿದ್ದನಂತೆ. ಮ್ಯಾಪಲ್ಲಿ ನೇರ ಗೆರೆ ಎಳೆದರೆ ನಡುವೆ 40 ಕಿಲೋಮೀಟರ್ ಆಸುಪಾಸು. ರಸ್ತೆಯಲ್ಲಿ ಹೋದರೆ 200 ದಾಟುತ್ತೆ. 1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್ಮನ್ ಅನ್ನೋ ಇಬ್ಬರು ಬ್ರಿಟಿಷ್ ಆರೋಹಿಗಳು ಈ ಕಥೆಯ ಬೆನ್ನು ಹತ್ತಿದ್ರು. ಜೊತೆಗೆ ಮೂವರು ಶೆರ್ಪಾಗಳು: ಆಂಗ್‌ಥರ್ಕೆ, ಪಸಂಗ್, ಕುಸಂಗ್. ಬದರಿ ಕಡೆಯ ಸತೋಪಂಥ್ ಹಿಮನದಿ ಹತ್ತಿ, ನೀರ್ಗಲ್ಲಿನ ಏಣು ದಾಟಿ, ಆಚೆ ಕಡೆಯ ಕಡಿದಾದ ಮಂಜಿಗೆ ಇಳಿದರು. ನಿಜವಾದ ಕಷ್ಟ ಶುರುವಾಗಿದ್ದು ಕೆಳಗೆ. ಮಳೆಗಾಲದ ದಟ್ಟ ಕಾಡು, ಉಕ್ಕುವ ಹಳ್ಳಗಳು, ಮುಗಿದ ಬುತ್ತಿ. ಕಳಲೆ ತಿಂದು ದಿನ ತಳ್ಳಿದ್ರು, ಅದಕ್ಕೂ ಕರಡಿಗಳ ಪೈಪೋಟಿ. ಕೊನೆಗೆ ಅವರು ಬಂದು ಮುಟ್ಟಿದ್ದು ಮದ್‌ಮಹೇಶ್ವರದ ದಾರಿಯ ಗೌಂಡಾರ್ ಹಳ್ಳಿ. ಅಂದ್ರೆ ನಮ್ಮ ಕಡೆಯ ಅರ್ಚಕರು ಓಡಾಡೋ ದಾರಿಗೇ ಬಂದು ಸೇರಿದ್ರು. ಒಂದು ದಿನದ ಕೆಲಸ ಅಂತೂ ಅದಲ್ಲ. ಆ ಕಾಲದ ಅತಿ ಗಟ್ಟಿಗರು ಕೂಡ ಬದುಕಿ ಬಂದಿದ್ದೇ ಹೆಚ್ಚು.

ಈಗ ನಮ್ಮ ಕಾಲಕ್ಕೆ ಬರೋಣ. 2013ರ ಜೂನ್ 16, 17. ಸತತ ಮಳೆ, ಮೇಲಿನ ಚೋರಾಬಾರಿ ಸರೋವರ ಒಡೆದು ಕೇದಾರದ ಮೇಲೆ ನುಗ್ಗಿತು. ಉತ್ತರಾಖಂಡದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಗೌರಿಕುಂಡ ಮತ್ತು ಕೇದಾರದ ನಡುವೆ ಯಾತ್ರಿಕರು ಉಸಿರು ತಗೊಳ್ತಿದ್ದ ರಾಮ್‌ಬಾಡಾ ಅನ್ನೋ ಜಾಗ ಪೂರ್ತಿ ಕೊಚ್ಚಿಹೋಯ್ತು. ದೇವಸ್ಥಾನ ಉಳೀತು. ಸೆಪ್ಟೆಂಬರ್ 11ಕ್ಕೆ ಪೂಜೆ ಮತ್ತೆ ಶುರುವಾಯ್ತು. ನೆಹರು ಪರ್ವತಾರೋಹಣ ಸಂಸ್ಥೆಯವರು ನದಿಯ ಆಚೆ ದಡದಲ್ಲಿ ಹೊಸ ದಾರಿ ಕಡಿದರು.

ಹತ್ತು ವರ್ಷ ಕಳೆದು 2023ರ ಒಂದೇ ಹಂಗಾಮಿನಲ್ಲಿ ಕೇದಾರಕ್ಕೆ ಹೋದವರು 19 ಲಕ್ಷಕ್ಕೂ ಹೆಚ್ಚು. ಫಾಟಾದಿಂದ ಹೆಲಿಕಾಪ್ಟರ್ ಹತ್ತಿದ್ರೆ ಕೆಲವೇ ನಿಮಿಷ. ಡೋಲಿ ಎರಡು ದಿನ ತಗೊಳ್ಳೋ ಎತ್ತರವನ್ನ ನಾವು ಒಂದು ರೀಲ್ಸ್ ಮುಗಿಯೋದರೊಳಗೆ ದಾಟ್ತೀವಿ. ದೇಹಕ್ಕೆ ಅದು ಗೊತ್ತಾಗೋದು ಸಂಜೆಗೆ.

ಆಮೇಲೆ 2024ರ ಜೂನ್ ಮೊದಲ ವಾರ. ಲೋಕಸಭೆ ಫಲಿತಾಂಶ ಬಂದ ವಾರ, ಎಲ್ಲರ ಕಣ್ಣು ಟಿವಿ ಮೇಲೆ. ಅದೇ ಹೊತ್ತಿಗೆ ಉತ್ತರಕಾಶಿ ಕಡೆಯ ಸಹಸ್ರತಾಲ್ ದಾರಿಯಲ್ಲಿ, ನಾಲ್ಕು ಸಾವಿರ ಮೀಟರ್ ಮೇಲೆ, 22 ಜನರ ತಂಡ ಹಿಮಬಿರುಗಾಳಿಗೆ ಸಿಕ್ಕಿಹಾಕಿಕೊಂಡಿತ್ತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. 13 ಜನ ಪಾರಾದರು. 9 ಜನ ಸತ್ತರು. ನಮ್ಮ ರಾಜ್ಯದ ಕಂದಾಯ ಸಚಿವರೇ ಡೆಹ್ರಾಡೂನಿಗೆ ಹೋಗಿ ಉಳಿದವರನ್ನೂ ಪಾರ್ಥಿವ ಶರೀರಗಳನ್ನೂ ಕರೆತರಬೇಕಾಯ್ತು.

ಆ 9 ಜನ ಹುಚ್ಚು ಧೈರ್ಯದವರು ಅಂತ ಆಗ ಸೋಷಿಯಲ್ ಮೀಡಿಯಾದಲ್ಲಿ ಎಷ್ಟೋ ಜನ ಬರೆದ್ರು. ಹಾಗೆ ಬರೆಯೋದು ಸುಲಭ. ಬೆಟ್ಟ ಪ್ರೀತಿಸಿ ಹೋದವರನ್ನ ಬೈಯೋ ಹಕ್ಕು ನಮಗಿಲ್ಲ. ಸಾವಿರ ವರ್ಷದಿಂದ ಈ ನಾಡಿನವರು ಹೋಗ್ತಾನೇ ಇದ್ದಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹೋಗೋರಿಗೆ ಹಿಂತಿರುಗೋ ದಾರಿಯನ್ನ ನಾವು ಎಷ್ಟು ಗಟ್ಟಿ ಮಾಡಿ ಕೊಡ್ತಿದ್ದೀವಿ?

ವೈದ್ಯಕೀಯ ನಿಯಮ ಬಹಳ ಸರಳ ಇದೆ. 3,000 ಮೀಟರ್ ದಾಟಿದ ಮೇಲೆ, ಮಲಗೋ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಮೂರ್ನಾಲ್ಕು ದಿನಕ್ಕೊಂದು ದಿನ ವಿಶ್ರಾಂತಿ. ತಲೆನೋವು, ವಾಂತಿ ಬಂದ್ರೆ ಅಲ್ಲಿಂದ ಮೇಲೆ ಹತ್ತಬಾರದು. ಕೂತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಲ್ಲಿ ಗೊಂದಲ ಕಂಡ್ರೆ ರಾತ್ರಿಯಾದರೂ ಇಳಿಸಬೇಕು. ಮಾತ್ರೆಯೂ ಸಿಲಿಂಡರೂ ಇಳಿಯೋದಕ್ಕೆ ಸಹಾಯ ಮಾಡೋ ಸಾಮಾನು, ಇಳಿಯೋದರ ಬದಲಿ ಅಲ್ಲ. ಚಳಿ ಇನ್ನೊಂದು ಶತ್ರು. ಗಾಳಿ ಮತ್ತು ಒದ್ದೆ ಬಟ್ಟೆ ಸೇರಿದ್ರೆ ಗಟ್ಟಿ ಆಳೂ ಕೆಲವೇ ಗಂಟೆಗಳಲ್ಲಿ ಕುಸೀತಾನೆ.

ಪ್ಯಾಕೇಜ್ ಬುಕ್ ಮಾಡೋವಾಗ ನಾವು ರೇಟ್ ಕೇಳ್ತೀವಿ, ಟೆಂಟ್ ಫೋಟೊ ಕೇಳ್ತೀವಿ. ಇನ್ನು ಮೂರು ಪ್ರಶ್ನೆ ಸೇರಿಸಿ. ಹವಾಮಾನ ಕೆಟ್ಟರೆ ವಾಪಸ್ ಬರೋ ನಿರ್ಧಾರ ಯಾರದು? ಅದಕ್ಕೆ ಅಂತ ಒಂದು ದಿನ ಮೀಸಲಿದೆಯಾ? ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದ ಸುದ್ದಿ ಕೆಳಗೆ ಹೆಂಗೆ ಮುಟ್ಟುತ್ತೆ? ಇದಕ್ಕೆ ಉತ್ತರ ಇಲ್ಲದವರ ಜೊತೆ ಹೋಗಬೇಡಿ.

ಕೇದಾರದ ಬಾಗಿಲು ಹಾಕೋ ದಿನ ಅಲ್ಲಿಯ ಪೂಜಾರಿಗಳು ‘ಇನ್ನೊಂದು ವಾರ ನೋಡೋಣ’ ಅನ್ನಲ್ಲ. ದೇವರನ್ನ ಡೋಲಿಯಲ್ಲಿಟ್ಟು ಹೆಗಲ ಮೇಲೆ ಹೊತ್ತು ಇಳೀತಾರೆ. ಅದನ್ನ ಯಾರೂ ಸೋಲು ಅಂತ ಕರೆದಿಲ್ಲ. ಶಿಖರಕ್ಕೆ ಇನ್ನೂರು ಮೀಟರ್ ಇರೋವಾಗ ಗೈಡ್ ವಾಪಸ್ ಅಂದ್ರೆ, ನೀವೂ ಹಾಗೇ ಇಳಿದು ಬನ್ನಿ.

ಮುಂದಿನ ವಾರ ಮತ್ತೆ ಸಿಗೋಣ. ಹಿಮಾಲಯಕ್ಕೆ ಹೊರಟಿರೋ ಗೆಳೆಯರು, ಅಕ್ಕ, ತಮ್ಮ ಯಾರಾದ್ರೂ ಇದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ.