ರಾಮಾಪುರದ ಬೇವು, ನ್ಯೂ ಬ್ರಿಟನ್ನಿನ ಹತ್ತರಿ

ನಮ್ಮ ಕಡೆಯ ಬಡಗಿಯ ಹಳೆಯ ಹತ್ತರಿ ಎಂದರೆ ಒಂದು ಮರದ ತುಂಡು, ಅದರ ನಡುವೆ ಓರೆಯಾಗಿ ಕೂರಿಸಿದ ಅಲಗು, ಅಲಗನ್ನು ಬಿಗಿಹಿಡಿಯುವ ಬೆಣೆ, ಇಷ್ಟೇ. ಮೈ ನುಣುಪು ಮಾಡಲು ಒಂದು, ಅಂಚಿಗೆ ಮೆಟ್ಟಿಲು ತೆಗೆಯಲು ಇನ್ನೊಂದು, ತೋಡು ಕೊರೆಯಲು ಮತ್ತೊಂದು. ಮರ ಸವೆದರೆ ಬಡಗಿಯೇ ಹೊಸದನ್ನು ಕೆತ್ತಿಕೊಳ್ಳಬಹುದಿತ್ತು. ಯೂರೋಪಿನ ಬಡಗಿಯ ಪೆಟ್ಟಿಗೆಯೂ ಬಹುಕಾಲ ಹೀಗೇ ಇತ್ತು, ಹತ್ತರಿಗಳ ಸಂಖ್ಯೆ ಹೆಚ್ಚು ಅಷ್ಟೆ.

ಆ ಇಡೀ ಪೆಟ್ಟಿಗೆಯನ್ನು ಒಂದೇ ಉಪಕರಣಕ್ಕೆ ಇಳಿಸಲು ಹೊರಟದ್ದು ಅಮೆರಿಕದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ. ಜಸ್ಟಸ್ ಟ್ರಾಟ್ ರೂಪಿಸಿದ 45ನೇ ನಂಬರಿನ ‘ಕಾಂಬಿನೇಷನ್ ಪ್ಲೇನ್’ 1880ರ ದಶಕದಲ್ಲಿ ಮಾರುಕಟ್ಟೆಗೆ ಬಂತು. 1897ರಲ್ಲಿ ಬಂದ 55ನೇ ನಂಬರಿಗೆ ಐವತ್ತಕ್ಕೂ ಹೆಚ್ಚು ಅಲಗುಗಳು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೆಕಾರ್ಡ್ ಕಂಪನಿ 45ರದೇ ಮಾದರಿಯಲ್ಲಿ 405 ಎಂಬುದನ್ನು ಮಾಡಿತು.

ಇದರ ರಚನೆ ನೋಡಲು ತೊಡಕು, ತತ್ವ ಸರಳ. ಎರಡು ತೆಳು ಕಬ್ಬಿಣದ ಪಾದಗಳು. ಒಂದು ಸ್ಥಿರ, ಇನ್ನೊಂದು ಎರಡು ಸರಳುಗಳ ಮೇಲೆ ಜರುಗುವಂಥದ್ದು. ಅಲಗಿನ ಅಗಲಕ್ಕೆ ತಕ್ಕಂತೆ ಪಾದಗಳ ಅಂತರ ಹೊಂದಿಸಬೇಕು. ಹಲಗೆಯ ಅಂಚಿಗೆ ಒತ್ತಿ ಸಾಗುವ ಒಂದು ತಡೆಪಟ್ಟಿ, ತೋಡಿನ ಆಳ ಮೀರದಂತೆ ಒಂದು ಅಳತೆತಡೆ. ಎಳೆಗೆ ಅಡ್ಡಲಾಗಿ ಕೊರೆಯುವಾಗ ಅಲಗಿಗಿಂತ ಮುಂಚೆ ನಾರನ್ನು ಕತ್ತರಿಸಿಕೊಡುವ ಪುಟ್ಟ ಮೊಳೆಚಾಕುಗಳು. ಅಲಗು ಬದಲಿಸಿದರೆ ತೋಡು, ಮೆಟ್ಟಿಲು, ನಾಲಿಗೆ, ಮಣಿಯಂಚು.

ತೋಡೇ ಇದರ ಮುಖ್ಯ ಕೆಲಸ ಎನ್ನುವುದು ನನ್ನ ಅಭಿಪ್ರಾಯ. ಮರ ಉದ್ದಕ್ಕೆ ಹೆಚ್ಚೂಕಡಿಮೆ ಹಾಗೇ ಇರುತ್ತದೆ, ಅಗಲಕ್ಕೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬಾಗಿಲಿನ ಅಗಲ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಎರಡು ಬೇಸಿಗೆಯಲ್ಲಿ ಸೀಳಬಹುದು. ತೋಡಿನೊಳಗೆ ಅಂಟಿಲ್ಲದೆ ಸಡಿಲವಾಗಿ ನಿಲ್ಲಿಸಿದರೆ ಅದು ಉಸಿರಾಡಿಕೊಂಡು ಬಾಳುತ್ತದೆ.

ಕೊರತೆಯೂ ಅದರ ಪಾದದಲ್ಲೇ ಇದೆ. ಮರದ ಹತ್ತರಿಯಲ್ಲಿ ಅಲಗಿನ ಮುಂದಿರುವ ಕಿರುಬಾಯಿ ನಾರನ್ನು ಅದುಮಿ ಹಿಡಿಯುತ್ತದೆ. ಕಾಂಬಿನೇಷನ್ ಪ್ಲೇನಿಗೆ ಆ ಬಾಯೇ ಇಲ್ಲ. ಎಳೆ ತಿರುಗಿದ ಕಡೆ ಅಲಗು ಕತ್ತರಿಸುವ ಬದಲು ಕಿತ್ತುಹಾಕುತ್ತದೆ. ನೇರ ಎಳೆಯ, ಒಣಗಿದ, ಗರಗಸ ಮಿಲ್ಲಿನಿಂದ ಬಂದ ಹಲಗೆಗೆಂದೇ ಹುಟ್ಟಿದ ಸಾಧನವಿದು.

ಹಾಗಾದರೆ ಹನೂರಿನಾಚೆಯ ರಾಮಾಪುರದಂಥ ಊರಿನ ಬಡಗಿಗೆ ಅಂಥ ಹಲಗೆ ಎಲ್ಲಿಂದ? ಸುತ್ತ ಕಾಡಿದೆ, ನಿಜ. ಆದರೆ ಕಾಡಿನ ಮರದ ಒಡೆತನದ ಕತೆ ಬೇರೆ. ಟಿಪ್ಪುವಿನ ಕಾಲಕ್ಕೇ ಶ್ರೀಗಂಧ ರಾಜವೃಕ್ಷವಾಗಿತ್ತು. 1799ರ ನಂತರ ಕೊಳ್ಳೇಗಾಲ ಸೀಮೆ ಮದ್ರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಹೋಯಿತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಕಾದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಕೊಡಲಿ ಹಾಕುವುದು ಅಪರಾಧ. 1956ರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಡು ಸರ್ಕಾರದ್ದಾಗಿಯೇ ಉಳಿಯಿತು. ಅದೇ ಕಾಡಿನಿಂದ ಕಳ್ಳತನದಲ್ಲಿ ಗಂಧ ಸಾಗಿಸಿದ ವೀರಪ್ಪನ್‌ನ ತಂಡ 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಹೊರಗಿನವರಿಗೆ ಊರಿನ ಹೆಸರು ಗೊತ್ತಾದದ್ದು ಹೀಗೆ. ಈ ಜಗಳದಲ್ಲಿ ಬಾಗಿಲು ಮಾಡುವವನ ಲೆಕ್ಕವನ್ನು ಯಾರೂ ಇಡಲಿಲ್ಲ. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು ವನ್ಯಧಾಮವಾಯಿತು.

ತೇಗ, ಬೀಟೆಗಳು ಡಿಪೋದ ಹರಾಜಿಗೆ. ಇಂಥ ಊರುಗಳ ಬಡಗಿಯ ಕೈಗೆ ಸುಲಭವಾಗಿ ಸಿಗುವುದು ಹೊಲದ ಬದುವಿನ ಮರ, ಅದರಲ್ಲೂ ಬೇವು. ಬೇವಿನ ಎಳೆಯೋ ಒಂದು ಪದರದಲ್ಲಿ ಇತ್ತ ಓರೆ, ಮುಂದಿನದರಲ್ಲಿ ಅತ್ತ ಓರೆ. ಐವತ್ತು ಅಲಗಿನ ಹತ್ತರಿಗೆ ಸೇರದ ಮರ ಇದೇ!

ಆದರೂ ಒಲಿಸಿಕೊಳ್ಳುವ ದಾರಿಯುಂಟು. ಅಲಗು ಕ್ಷೌರದ ಕತ್ತಿಯಷ್ಟು ಹರಿತವಿರಬೇಕು, ಹೊಟ್ಟು ಕಾಗದದಷ್ಟು ತೆಳ್ಳಗೆ ಬರಬೇಕು. ಪಾದಕ್ಕೆ ಮೇಣ ಸವರಿ, ಹಲಗೆಯ ಆಚೆ ತುದಿಯಲ್ಲಿ ಗೇಣುದ್ದ ಮೊದಲು ಕೊರೆದು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಿಂದಿನಿಂದ ಶುರುಮಾಡುತ್ತ ಬರಬೇಕು. ಎಡಗೈ ತಡೆಪಟ್ಟಿಯನ್ನು ಅಂಚಿಗೆ ಒತ್ತುತ್ತಿರಲಿ, ಬಲಗೈ ಬರೀ ಮುಂದಕ್ಕೆ ತಳ್ಳಲಿ.