ನಾಮಪರಿವರ್ತನೆಯೂ ದಾಖಲೆಗಳೂ

ಹೆಸರು ಮಾರ್ಪಟ್ಟರೂ ಹೆಸರುಳ್ಳ ವಸ್ತುವು ಮಾರ್ಪಡುವುದಿಲ್ಲವೆಂಬುದು ಸರ್ವವಿದಿತವಾದ ವಿಷಯ. ಆದರೆ ಭೂಮಿಯ ಸ್ವಾಮ್ಯ, ಸಾಲ, ವ್ಯಾಜ್ಯ ಮೊದಲಾದುವೆಲ್ಲ ಹೆಸರಿನ ಮೂಲಕವೇ ಪತ್ರಾರೂಢವಾಗಿರುವುದರಿಂದ, ಹಳೆಯ ಪತ್ರದಲ್ಲಿರುವವನೂ ಹೊಸ ಪತ್ರದಲ್ಲಿರುವವನೂ ಒಬ್ಬನೇ ಎಂಬುದಕ್ಕೆ ಪ್ರಮಾಣ ಬೇಕಾಗುತ್ತದೆ. ಈ ಪ್ರಮಾಣವನ್ನು ನಮ್ಮ ನಾಡಿನಲ್ಲಿ ಹೇಗೆ ಒದಗಿಸಿಕೊಂಡು ಬಂದರೆಂಬುದನ್ನು ಎರಡು ಕಾಲಗಳ ದಾಖಲೆಗಳಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕ್ರಿ. ಶ. 11ನೆಯ ಶತಮಾನದ ಆದಿಯಲ್ಲಿ ಗಂಗರ ತಲಕಾಡು ಚೋಳರ ವಶವಾಯಿತು. ಅವರು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟರು. ಆದರೂ ಅಲ್ಲಿಯ ತಮಿಳು ಶಾಸನಗಳಲ್ಲಿ ‘ತಲೈಕ್ಕಾಡಾನ ರಾಜರಾಜಪುರಂ’, ಎಂದರೆ ತಲಕಾಡೇ ಆದ ರಾಜರಾಜಪುರ, ಎಂದು ಎರಡು ಹೆಸರುಗಳನ್ನೂ ಕೂಡಿಸಿ ಬರೆದಿರುವುದುಂಟು. ವಿಜಯನಗರದ ತಾಮ್ರಶಾಸನಗಳಲ್ಲಿಯೂ ದತ್ತವಾದ ಗ್ರಾಮಕ್ಕೆ ಅರಸನ ಹೆಸರಿನಿಂದ ‘ಪ್ರತಿನಾಮ’ವನ್ನು ಕೊಟ್ಟು, ಗ್ರಾಮದ ಮೊದಲಿನ ಹೆಸರನ್ನೂ ಜೊತೆಯಲ್ಲಿಯೇ ಹೇಳುವ ಪದ್ಧತಿಯಿದೆ. ಗ್ರಾಮದ ಚತುಸ್ಸೀಮೆಯನ್ನು ನೆರೆಹೊರೆಯವರು ಬಲ್ಲುದು ಹಳೆಯ ಹೆಸರಿನಿಂದ. ಪ್ರತಿಗ್ರಹೀತನ ಹಕ್ಕು ನಿಲ್ಲುವುದು ಆ ಸೀಮೆಯ ಮೇಲೆ. ಆದುದರಿಂದಲೇ ಎರಡನ್ನೂ ಬರೆಸಿದರೆಂದು ತೋರುತ್ತದೆ. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಆ ಪಟ್ಟಣವನ್ನು ಗೆದ್ದು ಧರಿಸಿದ ಬಿರುದು ‘ತಲಕಾಡುಗೊಂಡ’ ಎಂದೇ ಹೊರತು ರಾಜರಾಜಪುರದ ಹೆಸರಿನಿಂದಲ್ಲ. ಶತಮಾನಕ್ಕೆ ಮೀರಿದ ರಾಜಾಜ್ಞೆಯೂ ಜನರ ಬಾಯಲ್ಲಿದ್ದ ಹೆಸರನ್ನು ಅಳಿಸಲಾರದೆ ಹೋಯಿತು.

ಇನ್ನು ನಮ್ಮ ಕಾಲದ ನಿದರ್ಶನ. 1956ನೆಯ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದಾದಾಗಲೂ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯದ ಹೆಸರನ್ನು ಮಾರ್ಪಡಿಸುವ ಅಧಿಕಾರವು ಸಂಸತ್ತಿನದು. ಹಾಗೆ ಸಂಸತ್ತು ಮಾಡಿದ 1973ರ 31ನೆಯ ಅಧಿನಿಯಮದಿಂದ, ಆ ವರ್ಷದ ನವೆಂಬರ್ 1ರಿಂದ ಮೈಸೂರು ರಾಜ್ಯವು ಕರ್ನಾಟಕವೆನಿಸಿತು. ಘೋಷಣೆಗೆ ಒಂದು ವಾಕ್ಯ ಸಾಕು. ಅಧಿನಿಯಮದ ಉಳಿದ ಭಾಗವೆಲ್ಲ ದಾಖಲೆಗಳ ಚಿಂತೆಯೇ ಆಗಿದೆ. ಸಂವಿಧಾನದ 1ನೆಯ ಮತ್ತು 4ನೆಯ ಅನುಸೂಚಿಗಳಲ್ಲಿ ಹೆಸರು ತಿದ್ದಲ್ಪಟ್ಟಿತು. ಉಚ್ಚ ನ್ಯಾಯಾಲಯದ ಹೆಸರೂ ಬದಲಾಯಿತು. ನಡೆಯುತ್ತಿದ್ದ ವ್ಯಾಜ್ಯಗಳಲ್ಲಿ ಮೈಸೂರು ರಾಜ್ಯವು ಪಕ್ಷವಾಗಿದ್ದಲ್ಲೆಲ್ಲ ಕರ್ನಾಟಕವೇ ಪಕ್ಷವೆಂದು ಭಾವಿಸತಕ್ಕದ್ದೆಂದು ವಿಧಿಸಿದರು. ಅನಂತರ ಅಳವಡಿಕೆಯ ಆಜ್ಞೆಯಿಂದ 1964ರ ಮೈಸೂರು ಭೂಕಂದಾಯ ಅಧಿನಿಯಮವು ‘ಕರ್ನಾಟಕ ಭೂಕಂದಾಯ ಅಧಿನಿಯಮ, 1964’ ಎನಿಸಿತು; ಹೆಸರು ಹೊಸದಾದರೂ ವರ್ಷ ಹಳೆಯದೇ. ಆದೇಶವು ಸ್ಥಾನಿಯಂತೆಯೇ ವರ್ತಿಸುವುದೆಂದು ಪಾಣಿನೀಯರು ಹೇಳುವ ನ್ಯಾಯವೇ ಇಲ್ಲಿಯೂ ನಡೆದಿದೆ. ಆದರೆ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಹೆಸರು ಇದರಿಂದ ಬದಲಾಗಲಿಲ್ಲ. ರಾಜ್ಯದ ಹೆಸರು ಬೇರೆ, ಸಂಸ್ಥೆಯ ಹೆಸರು ಬೇರೆ.

ವ್ಯಕ್ತಿಗಳ ವಿಷಯದಲ್ಲಿಯೂ ಕ್ರಮ ಇದೇ. ಹೆಸರನ್ನು ಬದಲಾಯಿಸಿಕೊಳ್ಳುವವನು ಪ್ರಮಾಣಪತ್ರ ಬರೆಸಿ, ವೃತ್ತಪತ್ರಿಕೆಯಲ್ಲಿ ಪ್ರಕಟಿಸಿ, ರಾಜ್ಯಪತ್ರದಲ್ಲಿ ಅಚ್ಚುಮಾಡಿಸುವಾಗ ಪ್ರತಿಯೊಂದರಲ್ಲಿಯೂ ಹಿಂದಿನ ಹೆಸರು ಇರಲೇಬೇಕು. ಆ ಪ್ರಕಟಣೆಯನ್ನು ಆಧಾರವಾಗಿಟ್ಟು ಖಾತೆ, ಬ್ಯಾಂಕು ಮುಂತಾದ ಕಡೆಗಳಲ್ಲಿ ಒಂದೊಂದಾಗಿ ತಿದ್ದಿಸಬೇಕು. ಒಂದು ಕಡೆ ತಿದ್ದಿದ ಮಾತ್ರಕ್ಕೆ ಉಳಿದುವು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಜಮೀನಿನ ಪತ್ರಗಳಲ್ಲಿ ಕಾಣುವ ‘ಉರುಫ್’ ಎಂಬ ಮಾತು ಮಾಡುವ ಕೆಲಸವೂ ತಲಕಾಡಿನ ಶಾಸನದ ‘ಆನ’ ಎಂಬುದರ ಕೆಲಸವೇ.

2014ನೆಯ ನವೆಂಬರ್ 1ರಿಂದ ನಮ್ಮ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಮಾರ್ಪಟ್ಟಿವೆ. ಬಿಜಾಪುರವು ವಿಜಯಪುರವೂ ಗುಲ್ಬರ್ಗವು ಕಲಬುರಗಿಯೂ ಆಗಿವೆ. ಹೊಸ ಹೆಸರನ್ನು ಆದರದಿಂದ ಬಳಸತಕ್ಕದ್ದೇ ಸರಿ. ಆದರೆ ಶಾಸನಸಂಪುಟಗಳ ಸೂಚಿಗಳನ್ನೂ ಗ್ರಂಥಪಟ್ಟಿಗಳನ್ನೂ ಪರಿಷ್ಕರಿಸುವ ವಿದ್ವಾಂಸರು ಹಳೆಯ ಹೆಸರನ್ನು ತೆಗೆದುಹಾಕಬಾರದೆಂದು ನನ್ನ ಪ್ರಾರ್ಥನೆ. ಹಾಗೆ ತೆಗೆದರೆ ಮುಂದಿನ ಶೋಧಕನಿಗೆ ಒಂದೇ ಊರು ಎರಡಾಗಿ ಕಾಣುವುದು. ಹಳೆಯ ಪತ್ರವನ್ನು ಹಿಡಿದು ಬಂದ ರೈತನಿಗೆ ತನ್ನ ಹೊಲವನ್ನು ತನ್ನದೆಂದು ತೋರಿಸುವುದೂ ಕಷ್ಟವಾಗುವುದು.