ಬಿಟ್ಟಿ ಪರೀಕ್ಷೆ: ಕೋಡಿಂಗ್ ಟೆಸ್ಟಿನ ಖರ್ಚು ಯಾರ ತಲೆಗೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ ಈ ಬರಹ. ಮಾತಿನ ಓಘದಲ್ಲಿ ಬೇಗ ದಾಟಿಹೋದ ಒಂದೆರಡು ವಿಷಯಗಳನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ.

ಇವತ್ತಿನ ವಿಷಯ, ಫ್ರೀಲಾನ್ಸ್ ಕಾಂಟ್ರಾಕ್ಟಿಗೆ ಅರ್ಜಿ ಹಾಕಿದಾಗ "ಮನೆಯಲ್ಲೇ ಮಾಡಿ ಕಳಿಸಿ" ಅಂತ ಕೊಡೋ ಕೋಡಿಂಗ್ ಟೆಸ್ಟ್. ಕೆಲವಕ್ಕೆ ಎರಡು ಗಂಟೆ ಸಾಕು, ಕೆಲವಕ್ಕೆ ಶನಿವಾರ ಭಾನುವಾರ ಎರಡೂ ಹೋಗುತ್ತೆ. ದುಡ್ಡಂತೂ ಇಲ್ಲ. ಇದು ಇಂಟರ್ನೆಟ್ ಕಾಲದ ಸಮಸ್ಯೆ ಅನ್ನಿಸಬಹುದು. ಆದರೆ ಒಳಗಿರೋ ಪ್ರಶ್ನೆ ತುಂಬಾ ಹಳೆಯದು: ಒಬ್ಬರ ಸಮಯಕ್ಕೆ ಬೆಲೆ ಕೊಡದೆ ಅದನ್ನ ತಗೊಳ್ಳೋ ಹಕ್ಕು ಇನ್ನೊಬ್ಬರಿಗೆ ಎಲ್ಲಿಂದ ಬರುತ್ತೆ?

ಒಂದು ಪದದ ಪ್ರಯಾಣ

"ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ" ಅಂತೀವಲ್ಲ, ಆ ಬಿಟ್ಟಿ ಅನ್ನೋ ಪದ ಸಂಸ್ಕೃತದ ವಿಷ್ಟಿಯ ತದ್ಭವ. ವಿಷ್ಟಿ ಅಂದರೆ ಕೂಲಿ ಕೊಡದೆ ಮಾಡಿಸೋ ಕೆಲಸ. ಅರ್ಥಶಾಸ್ತ್ರದಲ್ಲಿ ಈ ಪದ ಇದೆ. ಕನ್ನಡ ನಾಡಿನ ಶಾಸನಗಳಲ್ಲೂ ಬಿಟ್ಟಿ ಅನ್ನೋದು ತೆರಿಗೆಗಳ ಸಾಲಿನಲ್ಲಿ ಬರುತ್ತೆ.

ನನಗೆ ಬಹಳ ಹಿಡಿಸಿದ ಉಲ್ಲೇಖ ಗುಜರಾತಿನ ಜುನಾಗಢದ್ದು. ಸುಮಾರು ಕ್ರಿ.ಶ. 150ರಲ್ಲಿ ರುದ್ರದಾಮನ್ ಅನ್ನೋ ರಾಜ ಸುದರ್ಶನ ಕೆರೆಯ ಒಡೆದ ಏರಿ ಕಟ್ಟಿಸಿ ಶಾಸನ ಬರೆಸಿದ. ಜನರನ್ನ ಕರ, ವಿಷ್ಟಿ ಇತ್ಯಾದಿಗಳಿಂದ ಪೀಡಿಸದೆ, ತನ್ನ ಬೊಕ್ಕಸದ ಹಣದಿಂದಲೇ ಮಾಡಿಸಿದೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ರಾಜನ ಬಡಾಯಿ ಅಂತಲೇ ಇಟ್ಕೊಳ್ಳಿ. ಆದರೂ ಗಮನಿಸಿ, ಬಿಟ್ಟಿ ಮಾಡಿಸಲಿಲ್ಲ ಅನ್ನೋದು ಆಗಲೇ ಕಲ್ಲಿನ ಮೇಲೆ ಕೆತ್ತಿಸುವಷ್ಟು ಹೆಮ್ಮೆಯ ವಿಷಯ ಆಗಿತ್ತು.

ಅದೇ ವಿಷ್ಟಿ ಮರಾಠಿಯಲ್ಲಿ 'ವೇಠ್' ಆಯ್ತು. ನಾನಿರೋ ಪುಣೆ ಪೇಶ್ವೆಗಳ ರಾಜಧಾನಿ. ಆ ಕಾಲದಲ್ಲಿ ಕೋಟೆ ರಿಪೇರಿಗೆ, ಹುಲ್ಲು ಕೊಯ್ಯೋಕೆ, ಸರಕು ಹೊರೋಕೆ ಹಳ್ಳಿಯವರನ್ನ ವೇಠಿಗೆ ಹಿಡೀತಿದ್ದರು. ಅದರ ಭಾರ ಹೆಚ್ಚಾಗಿ ಬಿದ್ದದ್ದು ಮಹಾರರಂಥ ದಲಿತ ಸಮುದಾಯಗಳ ಮೇಲೆ. ಇವತ್ತೂ ಇಲ್ಲಿ ಬಸ್ ಮುಷ್ಕರ ಆದರೆ ಮರಾಠಿ ಪತ್ರಿಕೆಗಳು ಪ್ರಯಾಣಿಕರನ್ನ "ವೇಠೀಸ್ ಧರಲೆ" ಅಂತ ಬರೀತವೆ. ಪದ ಉಳಿದಿದೆ, ನೋವು ಮರೆತುಹೋಗಿದೆ.

ಮಹಾರ್ ವತನದ ಹೆಸರಿನಲ್ಲಿ ನಡೀತಿದ್ದ ಈ ಚಾಕರಿಯ ವಿರುದ್ಧ ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ತಂದರು. ಸಂವಿಧಾನದ 23ನೇ ವಿಧಿ 'ಬೇಗಾರ್' ಅನ್ನೋ ಪದವನ್ನೇ ಬಳಸಿ ಬಿಟ್ಟಿ ಚಾಕರಿಯನ್ನ ನಿಷೇಧಿಸಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯ್ತು: ಬಲವಂತ ಅಂದರೆ ದೊಣ್ಣೆ ಹಿಡಿಯೋದಷ್ಟೇ ಅಲ್ಲ, ಬೇರೆ ದಾರಿಯೇ ಇಲ್ಲದಂತೆ ಮಾಡೋ ಬಡತನ, ಹಸಿವೂ ಬಲವಂತವೇ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಎಸಿ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವನ ಕಷ್ಟವನ್ನ ತಲೆಮಾರುಗಳ ಜೀತ, ವೇಠಿಗೆ ಸಮ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ಆ ಜನರಿಗೆ ಅವಮಾನ. ನನಗೆ ಬೇಕಾಗಿರೋದು ಅವರ ಹೋರಾಟ ನಮಗೆ ಕಲಿಸಿದ ಪ್ರಶ್ನೆ ಮಾತ್ರ: ಕೆಲಸದ ಲಾಭ ಯಾರಿಗೆ, ಖರ್ಚು ಯಾರದು?

ಪರೀಕ್ಷೆ ಕೋಣೆಯಲ್ಲಿದ್ದಾಗ

ಈಗ ನಮ್ಮ ಕಸುಬಿಗೆ ಬರೋಣ. 1950ರ ದಶಕದಲ್ಲಿ ಪ್ರೋಗ್ರಾಮರ್ ಅನ್ನೋ ಕೆಲಸವೇ ಹೊಸದು. ಡಿಗ್ರಿ ಇಲ್ಲ, ಅನುಭವಸ್ಥರಿಲ್ಲ, ಯಾರನ್ನ ಆರಿಸಬೇಕು? ಐಬಿಎಂ 1955ರಲ್ಲಿ ಪ್ರೋಗ್ರಾಮರ್ ಆಪ್ಟಿಟ್ಯೂಡ್ ಟೆಸ್ಟ್ ತಂತು. ಸಂಖ್ಯಾ ಸರಣಿ, ಚಿತ್ರಗಳ ಹೋಲಿಕೆ, ಅಂಕಗಣಿತದ ಲೆಕ್ಕ. ಹೆಚ್ಚೂಕಮ್ಮಿ ಒಂದು ಗಂಟೆ. 1967ರ ಒಂದೇ ವರ್ಷದಲ್ಲಿ ಅಮೆರಿಕ, ಕೆನಡಾಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಅದನ್ನ ಬರೆದರು.

ಆ ಟೆಸ್ಟ್ ಒಳ್ಳೆಯದಾಗಿತ್ತು ಅಂತಲ್ಲ. ಅದರ ಅಂಕಕ್ಕೂ ಮುಂದೆ ಮಾಡೋ ಕೆಲಸಕ್ಕೂ ಹೆಚ್ಚು ಸಂಬಂಧ ಇಲ್ಲ ಅನ್ನೋ ಟೀಕೆ ಆಗಲೇ ಇತ್ತು. ಆದರೆ ಅದರಲ್ಲಿ ಎರಡು ವಿಷಯ ನೋಡಿ. ಒಂದು, ಕಂಪನಿಯೂ ಕೋಣೆ, ಮೇಲ್ವಿಚಾರಕ, ಸಮಯ ಖರ್ಚು ಮಾಡಬೇಕಿತ್ತು. ಎರಡು, ಉತ್ತರಪತ್ರಿಕೆಯಿಂದ ಕಂಪನಿಗೆ ಬೇರೆ ಯಾವ ಉಪಯೋಗವೂ ಇರಲಿಲ್ಲ. ನೀವು ಬಿಡಿಸಿದ ಸಂಖ್ಯಾ ಸರಣಿಯನ್ನ ಯಾರಿಗೂ ಮಾರೋಕಾಗಲ್ಲ.

ಬೆಂಚಿನ ಸಂಬಳ

1981ರಲ್ಲಿ ಏಳು ಜನ ಎಂಜಿನಿಯರುಗಳು ಇದೇ ಪುಣೆಯಲ್ಲಿ ಇನ್ಫೋಸಿಸ್ ಶುರು ಮಾಡಿದರು. 1983ರಲ್ಲಿ ಅದು ಬೆಂಗಳೂರಿಗೆ ಹೋಯ್ತು. ಆ ದಶಕದಲ್ಲಿ ಭಾರತದ ಸಾಫ್ಟ್‌ವೇರ್ ವ್ಯಾಪಾರ ಅಂದರೆ ಬಹುಪಾಲು ಎಂಜಿನಿಯರುಗಳನ್ನ ವಿದೇಶಿ ಗ್ರಾಹಕರ ಜಾಗಕ್ಕೆ ಕಳಿಸೋದು. ಆಮೇಲೆ ಹಿಂಜವಡಿ, ಎಲೆಕ್ಟ್ರಾನಿಕ್ ಸಿಟಿ ಎಲ್ಲ ಬೆಳೆದ ಮೇಲೆ 'ಬೆಂಚ್' ಅನ್ನೋ ಪದ ನಮಗೆಲ್ಲ ಪರಿಚಯ ಆಯ್ತು. ಪ್ರಾಜೆಕ್ಟ್ ಇಲ್ಲದೆ ಕೂತಿರೋನಿಗೂ ತಿಂಗಳ ಕೊನೆಗೆ ಸಂಬಳ. ಗ್ರಾಹಕ ಇಂಟರ್‌ವ್ಯೂ ಮಾಡಿ ಬೇಡ ಅಂದರೂ ಸಂಬಳ ನಿಲ್ಲಲ್ಲ.

ಬೆಂಚ್ ಸುಖದ ಜಾಗ ಅಲ್ಲ, ಅಲ್ಲಿ ಕೂತವರಿಗೆ ಗೊತ್ತು. ಆದರೆ ಲೆಕ್ಕ ಮಾತ್ರ ಸರಿಯಾಗಿತ್ತು. ಆಯ್ಕೆಯ ಖರ್ಚು, ಕಾಯೋ ಖರ್ಚು ಎರಡನ್ನೂ ಕಂಪನಿ ಹೊತ್ತು, ಅದನ್ನ ಬಿಲ್ಲಿನ ದರದಲ್ಲಿ ಸೇರಿಸಿ ಗ್ರಾಹಕನಿಂದ ವಸೂಲಿ ಮಾಡ್ತಿತ್ತು. ಫ್ರೀಲಾನ್ಸ್ ಬಂದ ಮೇಲೆ ಆ ಬೆಂಚು ನಮ್ಮ ಮನೆಗೇ ಬಂತು. ಸಂಬಳ ಮಾತ್ರ ಬರಲಿಲ್ಲ.

ಟೆಸ್ಟ್ ಮನೆಗೆ ಬಂದದ್ದು

2008ರಲ್ಲಿ ಗಿಟ್‌ಹಬ್ ಶುರುವಾಯ್ತು. 2009ರಲ್ಲಿ ತಿರುಚಿನಾಪಳ್ಳಿಯ ಎನ್‌ಐಟಿಯಲ್ಲಿ ಓದಿದ ಇಬ್ಬರು ಇಂಟರ್‌ವ್ಯೂಸ್ಟ್ರೀಟ್ ಕಟ್ಟಿದರು. ಮುಂದೆ ಅದೇ ಹ್ಯಾಕರ್‌ರ‍್ಯಾಂಕ್ ಆಯ್ತು. 2012ರಲ್ಲಿ ಬೆಂಗಳೂರಿನಲ್ಲಿ ಹ್ಯಾಕರ್‌ಅರ್ಥ್ ಬಂತು. ಇಂಥ ಸಾಧನಗಳಿಂದ ಒಳ್ಳೆಯದೂ ಆಗಿದೆ. ದೊಡ್ಡ ಕಾಲೇಜಿನ ಹೆಸರಿಲ್ಲದ ರಾಯಚೂರಿನ ಹುಡುಗಿಯೂ ಕೋಡ್ ಬರೆದು ತೋರಿಸಬಹುದು.

ಆದರೆ ಒಂದು ಸಮತೋಲ ತಪ್ಪಿಹೋಯ್ತು. ಎದುರುಬದುರು ಕೂತಾಗ ನನ್ನ ಒಂದು ಗಂಟೆಗೆ ಅವರದ್ದೂ ಒಂದು ಗಂಟೆ ಹೋಗ್ತಿತ್ತು. ಅದಕ್ಕೇ ಅವರು ಯೋಚನೆ ಮಾಡಿ ಕರೀತಿದ್ದರು. ಈಗ ಒಂದೇ ಈಮೇಲ್ ನೂರು ಜನಕ್ಕೆ ಹೋಗುತ್ತೆ. ಕಳಿಸೋನಿಗೆ ಖರ್ಚು ಸೊನ್ನೆ. ನಾಲ್ಕು ಕಡೆ ಅರ್ಜಿ, ಪ್ರತಿಯೊಂದಕ್ಕೂ ಎಂಟು ಗಂಟೆಯ ಟೆಸ್ಟ್ ಅಂದ್ಕೊಳ್ಳಿ: 32 ಗಂಟೆ. ತಿಂಗಳಲ್ಲಿ ನಾಲ್ಕು ಕೆಲಸದ ದಿನ. ಮನೆಯಲ್ಲಿ ಸಣ್ಣ ಮಗು ಇರೋ ತಾಯಿ, ರಾತ್ರಿ ಪಾಳಿ ಮಾಡೋ ಹುಡುಗ ಈ ನಾಲ್ಕು ದಿನ ಎಲ್ಲಿಂದ ತರಬೇಕು? ಕೊನೆಗೆ ಇದು ಜಾಣತನದ ಪರೀಕ್ಷೆಯಾಗಿ ಉಳಿಯಲ್ಲ, ಬಿಡುವು ಯಾರ ಹತ್ತಿರ ಇದೆ ಅನ್ನೋ ಪರೀಕ್ಷೆ ಆಗುತ್ತೆ.

ನನಗೆ ಒಂದು ಕಡೆಯಿಂದ ಬಂದ 'ಟೆಸ್ಟ್' ಹೀಗಿತ್ತು: ಜಿಎಸ್‌ಟಿ ಲೆಕ್ಕ ಹಾಕೋ ಇನ್‌ವಾಯ್ಸ್ ಮಾಡ್ಯೂಲ್, ಪಿಡಿಎಫ್ ಜೊತೆ, ಅವರದೇ ಡೇಟಾಬೇಸ್ ವಿನ್ಯಾಸಕ್ಕೆ ಹೊಂದಬೇಕು. ಕಳಿಸಿದ ಮೇಲೆ ಉತ್ತರವೇ ಇಲ್ಲ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು. ತಪ್ಪಲೆ ಪೂರ್ತಿ ಖಾಲಿ ಮಾಡಿ ಕೈ ತೊಳೆದು ಹೋಗೋದಕ್ಕೆ ರುಚಿ ನೋಡೋದು ಅಂತ ಕರೆಯಲ್ಲ.

ಇನ್ನೊಂದು ಪಕ್ಷದ ಮಾತು

ಕೆಲಸ ಕೊಡೋರ ವಾದವನ್ನೂ ಕೇಳಬೇಕು. ರೆಸ್ಯುಮೆ ತುಂಬಾ ಬರೆದಿರುತ್ತೆ, ಬಂದು ನೋಡಿದರೆ ಒಂದು ಲೂಪ್ ಬರೆಯೋಕೆ ಬರಲ್ಲ, ಇದು ಸುಳ್ಳಲ್ಲ. ಟೆಂಡರ್ ಹಾಕೋ ಕಾಂಟ್ರಾಕ್ಟರಿಗೂ ಖರ್ಚಿಲ್ಲವಾ ಅಂತಾನೂ ಕೇಳ್ತಾರೆ. ಇದೆ. ಆದರೆ ಸೇತುವೆಯ ಟೆಂಡರ್ ಹಾಕೋನಿಗೆ ಮೊದಲು ಒಂದು ಕಮಾನು ಕಟ್ಟಿ ತೋರಿಸು ಅಂತ ಯಾರೂ ಹೇಳಲ್ಲ.

ದಾರಿಯೂ ಇದೆ. ವರ್ಡ್‌ಪ್ರೆಸ್.ಕಾಮ್ ನಡೆಸೋ ಆಟೊಮ್ಯಾಟಿಕ್ ಕಂಪನಿ ಅರ್ಜಿದಾರರಿಂದ ನಿಜವಾದ ಕೆಲಸವನ್ನೇ ಮಾಡಿಸಿ ನೋಡ್ತಿತ್ತು, ಆದರೆ ಗಂಟೆಗೆ 25 ಡಾಲರ್ ಕೊಟ್ಟು. ಅದರ ಮುಖ್ಯಸ್ಥ ಮ್ಯಾಟ್ ಮುಲೆನ್‌ವೆಗ್ 2014ರಲ್ಲಿ ಈ ಬಗ್ಗೆ ವಿವರವಾಗಿ ಬರೆದರು. ದುಡ್ಡು ಕೊಡಬೇಕಾದಾಗ ಯಾರೂ ನೂರು ಜನಕ್ಕೆ ಟೆಸ್ಟ್ ಕಳಿಸಲ್ಲ. ಮೊದಲೇ ಹತ್ತು ಜನರನ್ನ ಆರಿಸ್ತಾರೆ.

ನಮ್ಮ ಕೈಯಲ್ಲಿರೋದು

ಕಾನೂನು ಪೂರ್ತಿ ಮೌನವಾಗಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ನೌಕರ ಬರೆದರೆ ಸಾಮಾನ್ಯವಾಗಿ ಮಾಲೀಕತ್ವ ಕಂಪನಿಗೆ ಹೋಗುತ್ತೆ. ಆದರೆ ಅರ್ಜಿದಾರ ನೌಕರ ಅಲ್ಲ. ಲಿಖಿತವಾಗಿ ಸಹಿ ಮಾಡಿ ಬಿಟ್ಟುಕೊಡದಿದ್ದರೆ ಕೋಡ್ ಬರೆದವನದೇ. ಹಾಗಾಗಿ ಟೆಸ್ಟಿನ ಜೊತೆ ಬರೋ ಷರತ್ತುಗಳನ್ನ ಓದದೆ ಒಪ್ಪಬೇಡಿ. ಇನ್ನು 1872ರ ಕರಾರು ಕಾಯ್ದೆಯ 70ನೇ ಕಲಂ ಇದೆ: ಪುಕ್ಕಟೆ ಮಾಡೋ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು. ಉದ್ದೇಶ ಅನ್ನೋದೇ ಇಲ್ಲಿ ಮುಖ್ಯ. "ಇದು ಮೌಲ್ಯಮಾಪನಕ್ಕೆ ಮಾತ್ರ, ಬಳಸಿದರೆ ಇಷ್ಟು ದರ" ಅಂತ ಕೋಡ್ ಕಳಿಸುವಾಗಲೇ ಒಂದು ಸಾಲು ಬರೆದಿಡೋದು ಅದಕ್ಕೇ. ಎರಡು ದಿನದ ಕೆಲಸಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ, ನಿಜ. ಆದರೆ ಆ ಒಂದು ಸಾಲು ಓದಿದ ಮೇಲೆ ಎದುರಿನವರು ಸ್ವಲ್ಪ ಯೋಚನೆ ಮಾಡ್ತಾರೆ.

ನಾನು ಈಗ ಪಾಲಿಸೋ ನಿಯಮ ಮೂರೇ. ಎರಡು ಗಂಟೆಯೊಳಗಿನ ಟೆಸ್ಟ್, ಕೃತಕ ಪ್ರಶ್ನೆ, ಆಮೇಲೆ ಕೂತು ಮಾತಾಡ್ತಾರೆ ಅಂದರೆ ಸರಿ, ಮಾಡ್ತೀನಿ. ಅದಕ್ಕಿಂತ ದೊಡ್ಡದಾದರೆ ನನ್ನ ದಿನದ ದರ ಹೇಳ್ತೀನಿ. ಅವರ ನಿಜವಾದ ಪ್ರಾಡಕ್ಟಿನ ತುಂಡು ಅಂತ ಕಂಡರೆ ನಮಸ್ಕಾರ ಹೇಳಿ ಎದ್ದು ಬರ್ತೀನಿ. ಇದರಿಂದ ಕೆಲವು ಕಾಂಟ್ರಾಕ್ಟ್ ಕೈ ತಪ್ಪಿವೆ. ದರ ಕೇಳಿದ ತಕ್ಷಣ ಎಂಟು ಗಂಟೆಯ ಟೆಸ್ಟನ್ನ ಒಂದು ಗಂಟೆಗೆ ಇಳಿಸಿದವರೂ ಇದ್ದಾರೆ.

ಈಗ ತಾನೇ ಕಾಲೇಜು ಮುಗಿಸಿ ಬಂದವರಿಗೆ ಇಲ್ಲ ಅನ್ನೋ ಅನುಕೂಲ ಇರಲ್ಲ, ಅದು ನನಗೆ ಗೊತ್ತು. ಅದಕ್ಕೇ ಈ ಮಾತು ಅವರಿಗಿಂತ ಹೆಚ್ಚಾಗಿ ನಮ್ಮಂಥವರಿಗೆ. ಹತ್ತು ವರ್ಷ ಕೆಲಸ ಮಾಡಿದವರು, ಟೆಸ್ಟ್ ಬರೆಯೋ ಜಾಗ ಬಿಟ್ಟು ಟೆಸ್ಟ್ ಕೊಡೋ ಜಾಗಕ್ಕೆ ಬಂದವರು ನಾವು. ಮುಂದಿನ ಸಲ ಯಾರಿಗಾದರೂ ಟೆಸ್ಟ್ ಕಳಿಸೋ ಮುಂಚೆ ಅದನ್ನ ನೀವೇ ಒಮ್ಮೆ ಮಾಡಿ, ಎಷ್ಟು ಹೊತ್ತಾಯ್ತು ಬರೆದಿಡಿ. ಆ ಹೊತ್ತಿಗೆ ದುಡ್ಡು ಕೊಡಿ, ಇಲ್ಲಾ ಟೆಸ್ಟ್ ಚಿಕ್ಕದು ಮಾಡಿ.